ವಿವರಣೆ ಕೊಡಲಾಗದ ಕೃತಕ ಬುದ್ಧಿಮತ್ತೆ ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ, ಅದು ಕೊಟ್ಟ ಉತ್ತರವನ್ನು ಬೇರೆ ದಾರಿಯಲ್ಲಿ ಪರೀಕ್ಷಿಸುವಂತಿದ್ದರೆ. ಪ್ರೋಟೀನುಗಳ ಆಕಾರ ಊಹಿಸುವ ಆಲ್ಫಾಫೋಲ್ಡ್ ಕಾರಣ ಹೇಳುವುದಿಲ್ಲ. ಆದರೆ ಅದರ ಊಹೆಯನ್ನು ಪ್ರಯೋಗಾಲಯದಲ್ಲಿ ತಾಳೆ ನೋಡಬಹುದು. 2024ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧಪಾಲು ಅದನ್ನು ರೂಪಿಸಿದವರಿಗೆ ಸಂದಿತು.

ರೋಗಿಯ ಜೀವದ ಪ್ರಶ್ನೆ ಬಂದಾಗ ಮಾತು ಬೇರೆ. 1990ರ ದಶಕದಲ್ಲಿ ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳ ಸಾವಿನ ಅಪಾಯ ಅಳೆಯಲು ಹಲವು ಮಾದರಿಗಳನ್ನು ತಯಾರಿಸಿದರು. ನಿಯಮಗಳನ್ನು ಬಿಡಿಸಿ ಓದಬಹುದಾಗಿದ್ದ ಒಂದು ಮಾದರಿ, ಆಸ್ತಮಾ ಇದ್ದವರಿಗೆ ಅಪಾಯ ಕಡಿಮೆ ಎಂದು ಕಲಿತಿತ್ತು! ಅಸಲಿಗೆ ಅಂಥವರನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸಲಾಗುತ್ತಿತ್ತು. ಅವರನ್ನು ಉಳಿಸಿದ್ದು ಆ ಚಿಕಿತ್ಸೆ. ಹೆಚ್ಚು ನಿಖರವಾಗಿದ್ದ ನರಜಾಲ ಮಾದರಿಯೊಳಗೂ ಇಂಥ ತಪ್ಪುಗಳು ಕಣ್ಣಿಗೆ ಬೀಳದೆ ಅಡಗಿರಬಹುದೆಂದು ಸಂಶೋಧಕರು ಅದನ್ನು ರೋಗಿಗಳಿಗೆ ಬಳಸಲಿಲ್ಲ. ಅದು ಸರಿಯಾದ ನಿರ್ಧಾರ.