ಕೊಳಚೆ ನೀರಿಗೆ ಜೌಗಿನ ದಾರಿ: ಆರ್ಕೇಟಾ ಪಟ್ಟಣದ ಪ್ರಯೋಗ

ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯಲ್ಲಿ ಹಂಬೋಲ್ಟ್ ಕೊಲ್ಲಿಯ ಅಂಚಿಗೆ ಇರುವ ಆರ್ಕೇಟಾ, ಸುಮಾರು 18 ಸಾವಿರ ಜನರ ಪಟ್ಟಣ. ಈ ಕೊಲ್ಲಿ ಸಿಂಪಿ ಕೃಷಿಗೆ ಹೆಸರಾದುದು. ಸಿಂಪಿಯು ನೀರನ್ನು ಸೋಸಿ ಆಹಾರ ಪಡೆಯುವ ಜೀವಿಯಾದ್ದರಿಂದ ಕೊಳಚೆಯಲ್ಲಿನ ರೋಗಾಣುಗಳು ಅದರ ಮೈಯಲ್ಲಿ ಬೇಗ ಸೇರಿಕೊಳ್ಳುತ್ತವೆ. ಹಾಗಾಗಿ ಅಲ್ಲಿ ನೀರಿನ ಶುದ್ಧಿಯು ಊರಿನ ಆರೋಗ್ಯಕ್ಕೂ ಹೊಟ್ಟೆಪಾಡಿಗೂ ಒಟ್ಟಿಗೇ ಸಂಬಂಧಿಸಿದ ವಿಷಯ. ಕೊಲ್ಲಿ ಮತ್ತು ಅಳಿವೆಗಳ ನೀರಿನ ಗುಣವನ್ನು ಹೆಚ್ಚಿಸುವುದೆಂದು ತೋರಿಸಿಕೊಡದ ಹೊರತು ಅವುಗಳಿಗೆ ಕೊಳಚೆ ನೀರನ್ನು ಬಿಡಬಾರದೆಂಬ ನೀತಿಯನ್ನು ರಾಜ್ಯವು 1974ರಲ್ಲಿ ತಂದಿತು. ಅದಕ್ಕೆ ಪರಿಹಾರವಾಗಿ, ಸುತ್ತಲಿನ ಊರುಗಳ ಕೊಳಚೆಯನ್ನೆಲ್ಲ ಕೊಲ್ಲಿಯ ತಳದಡಿ ಹಾಯುವ ಕೊಳವೆಯಲ್ಲಿ ಒಂದೆಡೆಗೆ ತಂದು, ಶುದ್ಧೀಕರಿಸಿ ತೆರೆದ ಸಮುದ್ರಕ್ಕೆ ಬಿಡುವ ದುಬಾರಿ ಯೋಜನೆಯೊಂದು ಸಿದ್ಧವಾಯಿತು.

ಆರ್ಕೇಟಾ ಇದನ್ನು ಒಪ್ಪಲಿಲ್ಲ. ಅಲ್ಲಿನ ವಿಶ್ವವಿದ್ಯಾಲಯದ ಮೀನುಗಾರಿಕಾ ಪ್ರಾಧ್ಯಾಪಕ ಜಾರ್ಜ್ ಆಲನ್ ಅವರು ಸಂಸ್ಕರಿಸಿದ ಕೊಳಚೆ ನೀರನ್ನು ಕಡಲ ನೀರಿನೊಂದಿಗೆ ಬೆರೆಸಿ, ಆ ಕೊಳಗಳಲ್ಲಿ ಸಾಲ್ಮನ್ ಮರಿಗಳನ್ನು ಬೆಳೆಸಿ ತೋರಿಸಿದ್ದರು. ಪರಿಸರ ಎಂಜಿನಿಯರಿಂಗ್ ಪ್ರಾಧ್ಯಾಪಕ ರಾಬರ್ಟ್ ಗಿಯರ್‌ಹಾರ್ಟ್ ಮತ್ತು ನಗರಸಭೆಯ ಡ್ಯಾನ್ ಹೌಸರ್ ಅವರೂ ಜೊತೆಗೂಡಿ, ಜೌಗುಭೂಮಿಯ ಮೂಲಕವೇ ನೀರನ್ನು ಶುದ್ಧೀಕರಿಸಬಹುದೆಂದು ವಾದಿಸಿದರು. 1979ರಲ್ಲಿ ಪ್ರಾಯೋಗಿಕ ಜೌಗುಗಳಲ್ಲಿ ಪರೀಕ್ಷೆ ಆರಂಭವಾಗಿ, 1986ರ ವೇಳೆಗೆ ಪೂರ್ಣ ವ್ಯವಸ್ಥೆ ಬಳಕೆಗೆ ಬಂದಿತು. ಇದಕ್ಕೆ ಆರಿಸಿಕೊಂಡ ಜಾಗದಲ್ಲಿ ಕಸ ತುಂಬಿದ ಹಳೆಯ ತಿಪ್ಪೆಯೂ ಪಾಳುಬಿದ್ದ ಮರದ ಮಿಲ್ಲುಗಳ ನೆಲವೂ ಇದ್ದುವೆಂಬುದು ಈ ಪ್ರಯೋಗದ ಅತ್ಯಂತ ವಿವೇಕದ ಅಂಶ.

ಕೊಳಚೆಯು ಮೊದಲು ಕಂಬಿಗಳ ಜಾಲರಿಯನ್ನು ದಾಟಿ ಚಿಂದಿಯನ್ನು ಕಳೆದುಕೊಳ್ಳುತ್ತದೆ. ಬಳಿಕ ತಿಳಿಗೊಳ್ಳುವ ತೊಟ್ಟಿಯಲ್ಲಿ ನಿಂತು, ಭಾರವಾದ ಮಲಿನವನ್ನು ರಾಡಿಯಾಗಿ ತಳಕ್ಕೆ ಬಿಡುತ್ತದೆ. ಮುಂದಿನದು ಆಕ್ಸಿಡೀಕರಣ ಕೊಳ, ಎಂದರೆ ಪಾಚಿಯು ಬಿಸಿಲಿನ ನೆರವಿನಿಂದ ಆಮ್ಲಜನಕವನ್ನು ಹೊರಬಿಟ್ಟು, ಅದನ್ನು ಬಳಸಿ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಮಲಿನವನ್ನು ಕೊಳೆಯಿಸುವ ವಿಶಾಲ ಕೆರೆ. ಆದರೆ ಕೆಲಸ ಮಾಡಿಕೊಟ್ಟ ಪಾಚಿಯೇ ಈಗ ನೀರನ್ನು ಹಸಿರಾಗಿ ಕದಡಿರುತ್ತದೆ, ಮತ್ತು ಹಾಗೆಯೇ ಕೊಲ್ಲಿಗೆ ಹೋದರೆ ಅಲ್ಲಿ ಕೊಳೆತು ಆಮ್ಲಜನಕವನ್ನು ಕಬಳಿಸುತ್ತದೆ. ಜೌಗಿನ ನಿಜವಾದ ಪಾತ್ರ ಇಲ್ಲಿಂದ ತೊಡಗುತ್ತದೆ. ಒತ್ತಾಗಿ ಬೆಳೆದ ಜೊಂಡಿನ ನೆರಳಿನಲ್ಲಿ ಬೆಳಕು ಸಿಗದೆ ಪಾಚಿ ಸಾಯುತ್ತದೆ. ಗಾಳಿಯ ಅಲುಗಾಟವಿಲ್ಲದೆ ನೀರು ನಿಧಾನಿಸುವುದರಿಂದ ಸತ್ತ ಪಾಚಿ ತಳಕ್ಕಿಳಿಯುತ್ತದೆ. ನೀರೊಳಗಿನ ಕಾಂಡಗಳನ್ನು ಮುಟ್ಟಿದರೆ ಜಾರುವ ತೆಳು ಲೋಳೆಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಉಳಿದ ಮಲಿನವನ್ನು ಅರಗಿಸುತ್ತವೆ. ಗಿಡ ನೀರನ್ನು ಹೀರಿ ಶುದ್ಧಗೊಳಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಗಿಡದ ಮುಖ್ಯ ಕೆಲಸವೆಂದರೆ ಈ ಸೂಕ್ಷ್ಮಜೀವಿಗಳಿಗೆ ನೆಲೆಯನ್ನೂ ನೆರಳನ್ನೂ ಒದಗಿಸುವುದು.

ಇಷ್ಟಾದ ಮೇಲೂ ರೋಗಾಣುನಾಶಕ್ಕೆ ಕ್ಲೋರಿನ್ ಬೇಕಾಯಿತು. ಕ್ಲೋರಿನ್ ಬೆರೆತ ನೀರು ಗಿಯರ್‌ಹಾರ್ಟ್, ಆಲನ್, ಹೌಸರ್ ಹೆಸರಿನ ಮೂರು ಜೌಗುಗಳಲ್ಲಿ ಹರಿದು, ಮರಳಿ ಸೋಂಕುನಿವಾರಣೆಗೊಂಡು, ಕ್ಲೋರಿನ್ ಕಳೆದುಕೊಂಡ ಬಳಿಕವೇ ಕೊಲ್ಲಿಯನ್ನು ಸೇರುವಂತೆ ವ್ಯವಸ್ಥೆ ಮಾಡಲಾಗಿತ್ತು. 307 ಎಕರೆಯ ಈ ಪ್ರದೇಶ ಇಂದು ನೂರಾರು ಜಾತಿಯ ಹಕ್ಕಿಗಳಿಗೆ ತಾಣ. ನಗರದ ಜನ ಸಂಜೆಯ ವಾಯುವಿಹಾರಕ್ಕೆ ಬರುವುದೂ ಇಲ್ಲಿಗೇ.

ಈ ಮಾದರಿಯನ್ನು ತಪ್ಪಾಗಿ ಓದಿಕೊಳ್ಳುವ ಅಪಾಯ ದೊಡ್ಡದು. ಆರ್ಕೇಟಾ ಹಾಳುಬಿದ್ದ ನೆಲದಲ್ಲಿ ಹೊಸ ಜೌಗನ್ನು ಕಟ್ಟಿತೇ ಹೊರತು, ಇದ್ದ ಜೌಗಿಗೆ ಹಸಿ ಕೊಳಚೆಯನ್ನು ಬಿಡಲಿಲ್ಲ. ಇಂಥ ವ್ಯವಸ್ಥೆಗೆ ವಿಸ್ತಾರವಾದ ನೆಲ ಬೇಕು, ಕಾಲಕಾಲಕ್ಕೆ ಹೂಳು ಮತ್ತು ಸತ್ತ ಜೊಂಡನ್ನು ತೆಗೆಯುವ ಆಳು ಬೇಕು, ಮಳೆಗಾಲದಲ್ಲಿ ಒಳಚರಂಡಿಗೆ ನುಗ್ಗುವ ನೀರನ್ನು ತಡೆಯುವ ಗಟ್ಟಿ ಕೊಳವೆಗಳೂ ಬೇಕು. ಕೊಲ್ಲಿಯ ಸುತ್ತಲಿನ ನೆಲ ಕುಸಿಯುತ್ತಿರುವುದರಿಂದ ಅಲ್ಲಿ ಸಮುದ್ರದ ಮಟ್ಟದ ಸಾಪೇಕ್ಷ ಏರಿಕೆಯೂ ತೀವ್ರವಾಗಿದ್ದು, ದಡಕ್ಕೆ ಅಂಟಿಕೊಂಡಿರುವ ಕೊಳಗಳ ಏರಿಗಳನ್ನು ಕಾಪಾಡುವುದೇ ಈಗ ಪಟ್ಟಣದ ಮುಂದಿರುವ ಅತಿ ಕಠಿಣವಾದ ಕೆಲಸ.