ನಿಮಗಿದು ಗೊತ್ತೇ?: ಲಿನಕ್ಸ್‌ನ ಉಗ್ರಾಣ

◆ ಲಿನಕ್ಸ್ ಹಾಕಿಕೊಂಡ ಹೊಸಬರು ಮೊದಲ ದಿನವೇ ಬ್ರೌಸರ್ ತೆರೆದು ‘ಫ್ರೀ ಡೌನ್‌ಲೋಡ್’ ಎಂದು ಹುಡುಕಾಡುತ್ತಾರೆ. ಬೇಕಿಲ್ಲ! ಲಿನಕ್ಸ್ ಬಗೆಗಳಾದ ಡೆಬಿಯನ್, ಉಬುಂಟುಗಳಿಗೆ ಅವುಗಳದೇ ತಂತ್ರಾಂಶ ಉಗ್ರಾಣವಿದೆ. ಕೇಳಿದ್ದನ್ನು ಅಲ್ಲಿಂದ ತಂದುಕೊಡುವ ಆಳಿನ ಹೆಸರು ಆಪ್ಟ್. 2023ರ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಉಗ್ರಾಣದ ಪಟ್ಟಿಗೆ ಡಿಜಿಟಲ್ ಸಹಿ ಬೇರೆ ಇರುತ್ತದೆ. ದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದರೆ ಆಪ್ಟ್ ತಕರಾರು ತೆಗೆಯುತ್ತದೆ.

◆ ‘ಫ್ರೀ’ ಅಂದರೆ ಬಿಟ್ಟಿಯೋ, ಸ್ವತಂತ್ರವೋ? ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ದಶಕಗಳಿಂದ ಇದನ್ನೇ ಬಿಡಿಸಿ ಹೇಳುತ್ತಿದ್ದಾರೆ. ಕನ್ನಡಕ್ಕೆ ಆ ಕಷ್ಟವೇ ಇಲ್ಲ: ಉಚಿತ ಬೇರೆ, ಮುಕ್ತ ಬೇರೆ.

◆ 1993ರಲ್ಲಿ ಡೆಬಿಯನ್ ಶುರು ಮಾಡಿದ ಇಯಾನ್ ಮರ್ಡಾಕ್, ಗೆಳತಿ ಡೆಬ್ರಾ ಹೆಸರಿಗೆ ತಮ್ಮ ಹೆಸರನ್ನು ಅಂಟಿಸಿದರು. ಆವೃತ್ತಿಗಳಿಗೆ ಇಡುವುದು ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರು. ಇನ್ನೂ ಹದಕ್ಕೆ ಬಾರದ, ಕೆಟ್ಟರೆ ಕೇಳಬೇಡಿ ಎನ್ನುವ ಕವಲಿಗೆ ಕಾಯಂ ಹೆಸರು ಸಿಡ್. ಆಟಿಕೆ ಮುರಿಯುವ ಪಕ್ಕದ ಮನೆ ಹುಡುಗ!

◆ ಟರ್ಮಿನಲ್‌ನಲ್ಲಿ ‘ಆಪ್ಟ್ ಸರ್ಚ್ ಕನ್ನಡ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು ನೋಡಿ. ಗುಬ್ಬಿ ಬರುತ್ತದೆ, ನವಿಲು ಬರುತ್ತದೆ. ಎರಡೂ ಫಾಂಟುಗಳು, ನವಿಲಿನದು ಕೈಬರಹದ ಚೆಲುವು. ಅದೇ ಪಟ್ಟಿಯಲ್ಲಿ ಟೆಸರಾಕ್ಟ್‌ನ ಕನ್ನಡ ಕಡತವೂ ಸಿಗುತ್ತದೆ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಈ ತಂತ್ರಾಂಶ, ಸ್ಕ್ಯಾನ್ ಮಾಡಿದ ಪುಟವನ್ನು ತಿದ್ದಬಹುದಾದ ಅಕ್ಷರಗಳಾಗಿಸುತ್ತದೆ. ಮುದ್ರಣ ಮಸುಕಾಗಿದ್ದರೆ ಒತ್ತಕ್ಷರಗಳಲ್ಲಿ ಎಡವುವುದುಂಟು. ಆದರೂ ಇಡೀ ಪುಸ್ತಕ ಕುಟ್ಟುವುದಕ್ಕಿಂತ ತಿದ್ದುವುದೇ ಲೇಸು. ತಿದ್ದಲು ಕೆ.ಪಿ. ರಾವ್ ಕೀಲಿಮಣೆ ಬೇಕೇ? ಐಬಸ್‌ನ ಎಂ17ಎನ್ ಪ್ಯಾಕೇಜು ಹಾಕಿಕೊಳ್ಳಿ.

◆ ಸುಮಾರು ಹತ್ತು ವರ್ಷ ಡೆಬಿಯನ್‌ನಲ್ಲಿ ಫೈರ್‌ಫಾಕ್ಸ್ ಎಂಬ ಹೆಸರೇ ಇರಲಿಲ್ಲ. ‘ನಮ್ಮನ್ನು ಕೇಳದೆ ಕೋಡ್ ತಿದ್ದಿದರೆ ನಮ್ಮ ಹೆಸರು ಬಳಸುವಂತಿಲ್ಲ’ ಎಂಬುದು ಮೊಜಿಲ್ಲಾದ ಪಟ್ಟು. 2006ರಲ್ಲಿ ಡೆಬಿಯನ್ ಆ ಬ್ರೌಸರಿನ ಹೆಸರನ್ನೇ ಬದಲಿಸಿತು: ಐಸ್‌ವೀಸೆಲ್. ಬೆಂಕಿಗೆ ಎದುರಾಗಿ ಹಿಮ! ರಾಜಿಯಾಗಿದ್ದು 2016ರಲ್ಲಿ.

◆ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನ ಗುಂಡಿ, ಮೆನುಗಳಿಗೆಂದು ಹೆಣೆದದ್ದು ಜಿಟಿಕೆ. ಮುಂದೆ ಗ್ನೋಮ್ ಡೆಸ್ಕ್‌ಟಾಪ್ ಇಡಿಯಾಗಿ ಅದರ ಮೇಲೆಯೇ ನಿಂತಿತು.

◆ 2025ರಲ್ಲಿ ಆಸ್ಕರ್ ಗೆದ್ದ ಅನಿಮೇಷನ್ ಚಿತ್ರ ‘ಫ್ಲೋ’ ತಯಾರಾಗಿದ್ದು ಮುಕ್ತ 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ. ಆ ತಂತ್ರಾಂಶವೂ ಉಗ್ರಾಣದಲ್ಲಿದೆ.

◆ ಕಡತಗಳ ಪಟ್ಟಿ ಕೇಳುವ ‘ಎಲ್‌ಎಸ್’ ಬದಲು ಅವಸರಕ್ಕೆ ‘ಎಸ್‌ಎಲ್’ ಹೊಡೆಯುವವರಿಗೂ ಒಂದು ಪ್ಯಾಕೇಜಿದೆ. ಹೊಗೆಯುಗುಳುವ ರೈಲು ತೆರೆಯ ಈ ತುದಿಯಿಂದ ಆ ತುದಿಗೆ ಸಾಗುತ್ತದೆ. ದಾಟುವವರೆಗೆ ಗೇಟು ಬಂದ್, ಕಾಯಬೇಕು.

◆ ‘ಆಪ್ಟ್ ಮೂ’ ಎಂದರೆ ಅಕ್ಷರಗಳಲ್ಲೇ ಬಿಡಿಸಿದ ಹಸು ಬಂದು, ಇವತ್ತು ನೀವು ಅಂಬಾ ಎಂದಿರಾ ಎಂದು ಕೇಳುತ್ತದೆ. ಆಪ್ಟ್‌ನ ದಾಯಾದಿ ಆಪ್ಟಿಟ್ಯೂಡ್ ಮಾತ್ರ ಬಿಗುಮಾನದ್ದು. ಇಲ್ಲಿ ಅಂಥ ತಮಾಷೆಯೇನೂ ಇಲ್ಲ ಎನ್ನುತ್ತದೆ. ಆಜ್ಞೆಗೆ ಒಂದೊಂದೇ ‘ವಿ’ ಸೇರಿಸುತ್ತ ಪೀಡಿಸಿ. ಸಿಡುಕಿ, ಕೊನೆಗೆ ಸೋತು, ಒಂದು ಚಿತ್ರ ಬಿಡಿಸಿಕೊಡುತ್ತದೆ: ಆನೆ ನುಂಗಿದ ಹಾವು.