ಚೆಕ್ಕಿನ ಹೊಸ ನಡೆ: ಖಾತೆದಾರರು ಅರಿಯಬೇಕಾದ ಸಂಗತಿಗಳು

ಬೆಳೆ ಮಾರಿದ ಹಣವನ್ನು ಮನೆಯಲ್ಲಿಯೇ ಕೂಡಿಡುತ್ತಿದ್ದ ಕಾಲವು ಕಳೆದು, ಗ್ರಾಮಾಂತರದ ಜಮೀನುದಾರರಲ್ಲಿ ಬಹುಮಂದಿ ಈಗ ಬ್ಯಾಂಕಿನಲ್ಲಿ ಖಾತೆಯನ್ನಿಟ್ಟು, ದೊಡ್ಡ ಮೊಬಲಗುಗಳನ್ನು ಚೆಕ್ಕಿನ ಮೂಲಕ ಕೊಟ್ಟು ತೆಗೆದುಕೊಳ್ಳುವುದುಂಟಷ್ಟೆ. ಆದರೆ ಚೆಕ್ಕು ಬ್ಯಾಂಕನ್ನು ಸೇರಿದ ಮೇಲೆ ಏನಾಗುವುದೆಂಬುದನ್ನು ಬಲ್ಲವರು ವಿರಳ. ಈ ಕ್ರಮವು ಈಚೆಗೆ ಪೂರ್ತಿಯಾಗಿ ಮಾರ್ಪಟ್ಟಿರುವುದರಿಂದ, ಹಳೆಯ ಲೆಕ್ಕಾಚಾರವನ್ನೇ ನಂಬಿದವರಿಗೆ ನಷ್ಟವೂ ಮಾನಹಾನಿಯೂ ಉಂಟಾಗುವ ಸಂಭವವಿದೆ.

ಹಿಂದೆ ಚೆಕ್ಕಿನ ಕಾಗದವೇ ಪ್ರಯಾಣ ಮಾಡಬೇಕಾಗಿದ್ದಿತು. ಜಮೆ ಮಾಡಿದ ಬ್ಯಾಂಕಿನಿಂದ ಹೊರಟು, ಬರೆದವರ ಬ್ಯಾಂಕನ್ನು ತಲಪುವುದಕ್ಕೆ ಹಲವು ದಿನಗಳು, ಪರಸ್ಥಳದ್ದಾದರೆ ವಾರಗಳೇ ಹಿಡಿಯುತ್ತಿದ್ದವು. ರಿಸರ್ವ್ ಬ್ಯಾಂಕಿನವರು 2008ರಲ್ಲಿ ಹೊಸ ದೆಹಲಿಯಲ್ಲಿಯೂ, 2011ರಲ್ಲಿ ಚೆನ್ನೈಯಲ್ಲಿಯೂ, 2013ರಲ್ಲಿ ಮುಂಬಯಿಯಲ್ಲಿಯೂ ಬೇರೊಂದು ಏರ್ಪಾಡನ್ನು ಆರಂಭಿಸಿದರು. ಇದರಲ್ಲಿ ಕಾಗದವು ಜಮೆಯಾದ ಬ್ಯಾಂಕಿನಲ್ಲಿಯೇ ನಿಲ್ಲುತ್ತದೆ. ಅದರ ಛಾಯಾಪ್ರತಿಯೂ ಅಡಿಯಲ್ಲಿ ಅಚ್ಚಾಗಿರುವ ಅಂಕೆಗಳೂ ಮಾತ್ರ ವಿದ್ಯುನ್ಮಾನ ಮಾರ್ಗದಿಂದ ಹೋಗುತ್ತವೆ. ಇಂತಹ ಛಾಯಾಪ್ರತಿಗೆ ಕಾನೂನಿನ ಮನ್ನಣೆ ದೊರೆತುದು 1881ರ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ.

2025ನೆಯ ಅಕ್ಟೋಬರ್ 4ರಿಂದ ಈ ನಡೆಯು ಮತ್ತಷ್ಟು ತ್ವರಿತವಾಗಿದೆ. ಮೊದಲು ದಿನದ ಚೆಕ್ಕುಗಳನ್ನೆಲ್ಲ ಒಟ್ಟುಗೂಡಿಸಿ ಕಳುಹಿಸುತ್ತಿದ್ದರು. ಈಗ ಬಂದಬಂದಂತೆ ಕಳುಹಿಸತಕ್ಕದ್ದು. ಬರೆದವರ ಬ್ಯಾಂಕು ಅದೇ ದಿನ ಸಂಜೆ 7 ಗಂಟೆಯೊಳಗೆ ಒಪ್ಪಿಗೆಯನ್ನಾಗಲಿ ನಿರಾಕರಣೆಯನ್ನಾಗಲಿ ತಿಳಿಸಬೇಕು. ಸುಮ್ಮನಿದ್ದರೆ ಒಪ್ಪಿದಂತೆಯೇ ಎಣಿಸಲ್ಪಡುವುದು.

ಇದರ ಪರಿಣಾಮವನ್ನು ಒಂದು ದೃಷ್ಟಾಂತದಿಂದ ವಿಶದಪಡಿಸಬಹುದು. ತಿಪಟೂರಿನ ಕಡೆಯ ತೋಟದ ಯಜಮಾನರೊಬ್ಬರು ಸೋಮವಾರ ಪಂಪಿನ ವ್ಯಾಪಾರಿಗೆ 60,000 ರೂಪಾಯಿನ ಚೆಕ್ಕು ಕೊಟ್ಟರೆಂದಿಟ್ಟುಕೊಳ್ಳೋಣ. ಕೊಬ್ಬರಿಯ ಹಣ ಬರುವುದು ಬುಧವಾರ. ಚೆಕ್ಕು ತಲಪುವಷ್ಟರಲ್ಲಿ ಹಣವೂ ಬಂದಿರುವುದೆಂದು ಅವರ ಎಣಿಕೆ. ಆದರೆ ವ್ಯಾಪಾರಿಯು ಅಂದೇ ಜಮೆ ಮಾಡಿದರೆ ಸಂಜೆಯೊಳಗಾಗಿ ಚೆಕ್ಕು ಹಣವಿಲ್ಲದೆ ಹಿಂದಿರುಗುವುದು. ಬ್ಯಾಂಕು ದಂಡವನ್ನು ಕತ್ತರಿಸುವುದಲ್ಲದೆ, ವ್ಯಾಪಾರಿಯು 30 ದಿನಗಳೊಳಗೆ ಲಿಖಿತ ನೋಟೀಸನ್ನು ಕೊಡಬಹುದು. ಅದು ಕೈಸೇರಿದ 15 ದಿನಗಳೊಳಗೆ ಹಣ ತೆರದಿದ್ದರೆ, ಮೇಲ್ಕಂಡ ಕಾಯಿದೆಯ 138ನೆಯ ಕಲಮಿನಂತೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ ಮೊಬಲಗಿನ ಎರಡರಷ್ಟರವರೆಗೆ ಜುಲ್ಮಾನೆ, ಅಥವಾ ಎರಡೂ ವಿಧಿಸಲ್ಪಡಬಹುದು. ಮೋಸದ ಉದ್ದೇಶವಿಲ್ಲದ ಗೃಹಸ್ಥರೂ ಎರಡು ದಿನಗಳ ತಪ್ಪೆಣಿಕೆಯಿಂದ ಇಂತಹ ಸಂಕಟಕ್ಕೆ ಗುರಿಯಾಗಬಹುದು.

ಹಣ ಪಡೆಯುವವರಿಗಾದರೋ ಇದು ಅನುಕೂಲವೇ. ಬೆಳೆ ಮಾರಿದವರು ಚೆಕ್ಕು ಸಲ್ಲುವುದೋ ಇಲ್ಲವೋ ಎಂದು ಬಹುದಿನ ಕಾಯಬೇಕಾಗಿಲ್ಲ. ಪರಿಚಯವಿಲ್ಲದ ವರ್ತಕರಿಗೆ ಹಣ ಜಮೆಯಾದುದನ್ನು ಕಂಡ ಮೇಲೆಯೇ ಸರಕನ್ನು ಒಪ್ಪಿಸುವುದು ಈಗ ಕಷ್ಟವಲ್ಲ.

ಆದಕಾರಣ ಖಾತೆದಾರರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು:

1. ಹಣವು ಖಾತೆಯಲ್ಲಿದ್ದ ಹೊರತು ಅಂದಿನ ತಾರೀಖಿನ ಚೆಕ್ಕನ್ನು ಬರೆಯಕೂಡದು. ಮುಂದೆ ಬರುವ ಹಣವನ್ನು ನಂಬಿದ್ದಲ್ಲಿ, ಪಡೆಯುವವರ ಒಪ್ಪಿಗೆಯಿಂದ ಅದಕ್ಕೆ ತಕ್ಕ ತಾರೀಖನ್ನು ಹಾಕುವುದು ಲೇಸು.

2. ಛಾಯಾಪ್ರತಿಯನ್ನು ನೋಡಿಯೇ ಹಣ ಸಲ್ಲುವುದರಿಂದ, ಅಳಿಸಲಾಗದ ಕಪ್ಪು ಅಥವಾ ನೀಲಿ ಶಾಯಿಯಿಂದ ಸ್ಫುಟವಾಗಿ ಬರೆಯಬೇಕು. ಹೆಸರಿನಲ್ಲಾಗಲಿ ಮೊಬಲಗಿನಲ್ಲಾಗಲಿ ತಪ್ಪಾದರೆ ತಿದ್ದದೆ ಹೊಸ ಹಾಳೆಯನ್ನು ಉಪಯೋಗಿಸಬೇಕು. ಅಡಿಯ ಅಂಕೆಗಳ ಮೇಲೆ ಏನನ್ನೂ ಬರೆಯಕೂಡದು.

3. 50,000 ರೂಪಾಯಿಗೂ ಅದಕ್ಕೆ ಮೇಲ್ಪಟ್ಟೂ ಬರೆದಾಗ, ಚೆಕ್ಕಿನ ನಂಬರು, ತಾರೀಖು, ಪಡೆಯುವವರ ಹೆಸರು, ಮೊಬಲಗು ಇವುಗಳನ್ನು ತಮ್ಮ ಬ್ಯಾಂಕಿಗೆ ಮುಂಚಿತವಾಗಿ ತಿಳಿಸುವ ಸೌಕರ್ಯವು 2021ರ ಜನವರಿಯಿಂದ ಇದೆ. ‘ಪಾಸಿಟಿವ್ ಪೇ’ ಎಂಬ ಈ ಕ್ರಮದಿಂದ ಕಳ್ಳತಿದ್ದುಗಳು ಹೊರಬೀಳುವುವು. 5 ಲಕ್ಷಕ್ಕೂ ಮೇಲಕ್ಕೂ ಇದನ್ನು ಕಡ್ಡಾಯಮಾಡಿರುವ ಬ್ಯಾಂಕುಗಳೂ ಉಂಟು.

4. ಕೊಟ್ಟ ಚೆಕ್ಕನ್ನು ತಡೆಯಬೇಕಾದರೆ ನಾಳೆಯೆನ್ನದೆ ಒಡನೆಯೇ ಬ್ಯಾಂಕಿಗೆ ತಿಳಿಸತಕ್ಕದ್ದು.

5. ಬಂದ ಚೆಕ್ಕನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಕೂಡದು. 2012ರ ಏಪ್ರಿಲಿನಿಂದ ಅದರ ಆಯುಸ್ಸು ಮೂರು ತಿಂಗಳು ಮಾತ್ರ.

ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ನಾಣ್ಣುಡಿಯು ಚೆಕ್ಕಿಗೂ ಸಲ್ಲುವುದು. ಗ್ರಾಮದ ಮುಖಂಡರು ಈ ಸಂಗತಿಗಳನ್ನು ಸುಗ್ಗಿಯ ಲೇವಾದೇವಿಗೆ ಮೊದಲೇ ನೆರೆಹೊರೆಯ ರೈತರಿಗೆ ತಿಳಿಯಹೇಳಿದಲ್ಲಿ, ಅನೇಕ ಮನೆತನಗಳ ಹಣವೂ ಮರ್ಯಾದೆಯೂ ಉಳಿಯುವುವು.